ಹೊರಗೋಡೆಯ ಕೆಲಸಕ್ಕೆ ಏಣಿ ಮತ್ತು ಹಲಗೆ: ಮನೆಯವರು ತಿಳಿದಿರಬೇಕಾದ ಸಂಗತಿಗಳು

ಮಳೆಗಾಲ ಮುಗಿದು ನವರಾತ್ರಿ ಸಮೀಪಿಸುತ್ತಿದ್ದಂತೆ ಕಳವಾ, ಖಾರೆಗಾಂವ್, ವಿಟಾವಾ, ಪಾರಸಿಕ್ ನಗರ ಪರಿಸರದ ವಸತಿ ಸೊಸೈಟಿಗಳಲ್ಲಿ ಪ್ರತಿವರ್ಷವೂ ಒಂದು ಚರ್ಚೆ ಆರಂಭವಾಗುತ್ತದೆ. ನಾಲ್ಕು ತಿಂಗಳ ಮಳೆಯಲ್ಲಿ ನೆನೆದ ಹೊರಗೋಡೆ, ಉದುರಿದ ಗಾರೆ, ಕಿಟಕಿಯ ಬದಿಯಿಂದ ಒಳಗಿಳಿಯುವ ನೀರು, ಒಡೆದ ಕೊಳವೆ ಇವುಗಳ ದುರಸ್ತಿಯಾಗಬೇಕು, ಬಳಿಕ ಬಣ್ಣವೂ ಆಗಬೇಕು. ಯಾವ ಕಂಪೆನಿಯ ಬಣ್ಣ, ಎಷ್ಟು ವರ್ಷದ ಗ್ಯಾರಂಟಿ, ಚದರಡಿಗೆ ಏನು ದರ ಎಂಬುದನ್ನು ಸದಸ್ಯರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಆದರೆ ಆ ಬಣ್ಣವನ್ನು ಬಳಿಯುವವನು ಎಲ್ಲಿ ನಿಂತು ಬಳಿಯುತ್ತಾನೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅದು ಗುತ್ತಿಗೆದಾರನಿಗೆ ಸೇರಿದ ವಿಚಾರವೆಂದು ನಾವು ಬಿಟ್ಟುಬಿಡುತ್ತೇವೆ.

ವಾಸ್ತವದಲ್ಲಿ ಅದು ನಮಗೂ ಸೇರಿದ ವಿಚಾರ. ನಾವು ಒಪ್ಪಿಕೊಂಡ ದರದಲ್ಲಿ ಭದ್ರವಾದ ಹಲಗೆಗೆ, ಹಗ್ಗಕ್ಕೆ, ಸೊಂಟಮಟ್ಟದ ಅಡ್ಡಗಂಬಿಗೆ ಹಣವಿದೆಯೇ ಇಲ್ಲವೇ ಎಂಬುದು ಮಹಾಸಭೆಯಲ್ಲಿಯೇ ನಿರ್ಧಾರವಾಗಿರುತ್ತದೆ. ಆದುದರಿಂದ ಎತ್ತರದ ಕೆಲಸದ ಸಾಧನಗಳು ಹೇಗೆ ನಿಲ್ಲುತ್ತವೆ, ಯಾವಾಗ ಜಾರುತ್ತವೆ, ನೆಲದ ಮೇಲೆ ನಿಂತೇ ನಾವು ಏನನ್ನು ಪರೀಕ್ಷಿಸಬಹುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಲ್ಯಾಡರ್ ಜ್ಯಾಕ್ ಎಂದರೇನು?

ಲ್ಯಾಡರ್ ಜ್ಯಾಕ್ ಎಂಬುದು ಏಣಿಗೆ ತೂಗುಹಾಕುವ ಲೋಹದ ತ್ರಿಕೋನಾಕಾರದ ಬ್ರಾಕೆಟ್. ಗೋಡೆಗೆ ಒರಗಿಸಿದ ಎರಡು ಏಣಿಗಳಿಗೆ ಒಂದೇ ಮಟ್ಟದಲ್ಲಿ ಒಂದೊಂದು ಬ್ರಾಕೆಟ್ ಸಿಕ್ಕಿಸಿ, ಅವುಗಳ ಮೇಲೆ ಹಲಗೆಯನ್ನು ಅಡ್ಡಲಾಗಿ ಇರಿಸಿದರೆ ಕೆಲಸಗಾರನು ನಿಲ್ಲಲು ಒಂದು ಕಿರಿದಾದ ಜಗಲಿ ಸಿದ್ಧವಾಗುತ್ತದೆ. ಅಮೆರಿಕದಲ್ಲಿ ಒಂದೆರಡು ಮಹಡಿಯ ಮರದ ಮನೆಗಳ ಹೊರಗೋಡೆಗೆ ಬಣ್ಣ ಬಳಿಯಲು ಇದು ಬಳಕೆಯಲ್ಲಿದೆ. ಮುಂಬಯಿ, ಥಾಣೆಯ ಮಾರುಕಟ್ಟೆಯಲ್ಲಿ ಈ ಬ್ರಾಕೆಟ್ ಅಪರೂಪ. ಆದರೆ ಅದರ ಹಿಂದಿರುವ ಉಪಾಯ ನಮಗೆ ಅಪರಿಚಿತವಲ್ಲ. ಎರಡು ಏಣಿಗಳ ಮೆಟ್ಟಿಲುಗಳ ನಡುವೆ ಹಲಗೆ ತೂರಿಸಿ, ಹಗ್ಗದಿಂದ ಬಿಗಿದು, ಅದರ ಮೇಲೆ ನಿಂತು ಬಣ್ಣ ಬಳಿಯುವ ದೃಶ್ಯವನ್ನು ಚಾಳುಗಳಲ್ಲಿ, ಅಂಗಡಿ ಮುಂಗಟ್ಟುಗಳಲ್ಲಿ, ಒಂದು ಮಹಡಿಯ ಬಂಗಲೆಗಳಲ್ಲಿ ನಾವೆಲ್ಲ ನೋಡಿದ್ದೇವೆ. ಊರಿನ ಹಂಚಿನ ಮನೆಯ ಗೋಡೆಗೆ ಸುಣ್ಣ ಬಳಿಯುವಾಗಲೂ ಇದೇ ಕ್ರಮ. ಆದ್ದರಿಂದ ಲ್ಯಾಡರ್ ಜ್ಯಾಕ್‌ನ ನಿಯಮಗಳು ನಮ್ಮ ಏಣಿ–ಹಲಗೆಗೂ ಅನ್ವಯಿಸುತ್ತವೆ.

ಮೊದಲ ನಿಯಮ ಎತ್ತರಕ್ಕೆ ಸಂಬಂಧಿಸಿದ್ದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮಗಳ ಪ್ರಕಾರ ಲ್ಯಾಡರ್ ಜ್ಯಾಕ್ ಮೇಲಿನ ಹಲಗೆ ನೆಲದಿಂದ 20 ಅಡಿಗಿಂತ, ಅಂದರೆ ಸುಮಾರು 6 ಮೀಟರಿಗಿಂತ ಮೇಲಿರಕೂಡದು. ಸ್ಥಳದಲ್ಲಿಯೇ ಕೂಡಿಸಿದ ನಾಡ ಏಣಿಯನ್ನು ಅದಕ್ಕೆ ಬಳಸುವಂತಿಲ್ಲ. ಒಂದು ಹಲಗೆಯಿಂದ ಇನ್ನೊಂದಕ್ಕೆ ಸೇತುವೆಯಂತೆ ಮತ್ತೊಂದು ಹಲಗೆ ಹಾಸುವಂತಿಲ್ಲ. ನಮ್ಮ ಕಟ್ಟಡಗಳಲ್ಲಿ ಒಂದು ಮಹಡಿಗೆ ಸುಮಾರು 3 ಮೀಟರ್ ಎಂದು ಲೆಕ್ಕ ಹಾಕಿದರೆ ಈ ಮಿತಿ ನೆಲಮಹಡಿ ಮತ್ತು ಮೊದಲ ಮಹಡಿಗೆ ಮುಗಿದುಹೋಗುತ್ತದೆ. ಅದಕ್ಕಿಂತ ಮೇಲಿನ ಯಾವ ಕೆಲಸವೂ ಏಣಿಯ ಕೆಲಸವಲ್ಲ ಎಂಬುದನ್ನು ಮನೆಯವರು ನೆನಪಿನಲ್ಲಿಟ್ಟುಕೊಂಡರೆ ಅರ್ಧ ಅಪಾಯ ಅಲ್ಲಿಗೇ ನಿವಾರಣೆಯಾದಂತೆ.

ಏಣಿಯ ಬುಡದ ಲೆಕ್ಕ

ಏಣಿಯು ಜಾರುವುದು ಬುಡದಲ್ಲಿ. ಗೋಡೆಗೆ ಒರಗಿಸಿದ ಏಣಿಯ ಮೇಲೆ ಭಾರ ಬಿದ್ದೊಡನೆ ಅದರ ತುದಿ ಗೋಡೆಯನ್ನು ಒತ್ತುತ್ತದೆ. ಅಷ್ಟೇ ಬಲದಿಂದ ಬುಡವು ಹಿಂದಕ್ಕೆ ಸರಿಯಲು ಯತ್ನಿಸುತ್ತದೆ. ಈ ಹಿಂದೊತ್ತಡ ಎಷ್ಟೆಂಬುದು ಏಣಿಯ ಓರೆಯನ್ನು ಅವಲಂಬಿಸಿದೆ. ಏಣಿಯ ತುದಿ ಗೋಡೆಯನ್ನು ಮುಟ್ಟುವ ಎತ್ತರದ ನಾಲ್ಕನೆಯ ಒಂದು ಪಾಲಿನಷ್ಟು ದೂರದಲ್ಲಿ ಬುಡವನ್ನು ಊರಬೇಕೆಂಬುದು ಎಲ್ಲೆಡೆ ಮಾನ್ಯವಾಗಿರುವ ಸೂತ್ರ. ತುದಿ 4 ಮೀಟರ್ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ 1 ಮೀಟರ್ ದೂರದಲ್ಲಿರಬೇಕು.

ಇದರ ಕಾರಣವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕೆಲಸಗಾರ ಮತ್ತು ಅವನ ಸಾಮಾನು ಸೇರಿ 100 ಕಿಲೋ ಭಾರವು ಏಣಿಯ ತುದಿಯ ಬಳಿ ಇದೆಯೆನ್ನೋಣ. ನಾಲ್ಕಕ್ಕೆ ಒಂದರ ಓರೆಯಲ್ಲಿ ಬುಡವನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 25 ಕಿಲೋ ಭಾರದಷ್ಟು. ಅದೇ ಏಣಿಯ ಬುಡವನ್ನು ಇನ್ನೂ ಹಿಂದಕ್ಕೆಳೆದು ಎರಡಕ್ಕೆ ಒಂದರ ಓರೆಯಲ್ಲಿಟ್ಟರೆ ಆ ಬಲ 50 ಕಿಲೋ ಭಾರದಷ್ಟಾಗುತ್ತದೆ. ಹಾವಸೆ ಹಿಡಿದ ಸಿಮೆಂಟ್ ನೆಲ, ನುಣುಪಾದ ಟೈಲ್ಸ್, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಇವು ಯಾವುವೂ ಅಷ್ಟು ಬಲವನ್ನು ತಡೆದು ನಿಲ್ಲಿಸಲಾರವು. ಹಾಗೆಂದು ಏಣಿಯನ್ನು ಗೋಡೆಗೆ ತೀರ ಸಮೀಪ ನಿಲ್ಲಿಸಿದರೆ ಅದು ಹಿಮ್ಮುಖವಾಗಿ ಉರುಳುವ ಭಯವಿರುತ್ತದೆ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಕೆಲಸಗಾರನು ಮೇಲೇರಿದಂತೆ ಬುಡದ ಹಿಂದೊತ್ತಡವೂ ಹೆಚ್ಚುತ್ತದೆ. ನಾಲ್ಕು ಮೆಟ್ಟಿಲು ಏರಿದಾಗ ಅಲುಗದ ಏಣಿ ಹತ್ತನೆಯ ಮೆಟ್ಟಿಲಲ್ಲಿ ಜಾರುವುದು ಇದೇ ಕಾರಣದಿಂದ.

ಹಲಗೆಯನ್ನು ಹೊರುವ ಏಣಿಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಒಂಟಿ ಏಣಿ ಸ್ವಲ್ಪ ಸರಿದರೆ ಮನುಷ್ಯನು ಅದನ್ನೇ ಹಿಡಿದುಕೊಳ್ಳಬಹುದು. ಹಲಗೆಯ ಮೇಲಿರುವವನಿಗೆ ಹಿಡಿಯಲು ಏನೂ ಇರುವುದಿಲ್ಲ. ಎರಡರಲ್ಲಿ ಒಂದು ಏಣಿ ಸರಿದರೂ ಹಲಗೆಯ ಒಂದು ತುದಿ ಇಳಿದು ಅವನು ಜಾರಿಬೀಳುತ್ತಾನೆ. ಆದ್ದರಿಂದ ಎರಡೂ ಏಣಿಗಳ ಬುಡಕ್ಕೆ ರಬ್ಬರ್ ಪಾದವಿರಬೇಕು; ಗೋಡೆಯಲ್ಲಿ ನಾಟಿದ ಗಟ್ಟಿ ಕೊಂಡಿಗೋ ನೆಲದಲ್ಲಿ ಹೂತ ಗೂಟಕ್ಕೋ ಅದನ್ನು ಕಟ್ಟಿರಬೇಕು. ಪಾರಸಿಕ್ ಗುಡ್ಡದ ತಪ್ಪಲಿನಲ್ಲಿರುವ ಮನೆಗಳ ಅಂಗಳ ಸಮತಟ್ಟಾಗಿರುವುದಿಲ್ಲ. ಅಲ್ಲಿ ಇಟ್ಟಿಗೆ ಚೂರು, ಟೈಲ್ಸ್ ತುಂಡು ಕೊಟ್ಟು ಏಣಿಯ ಒಂದು ಕಾಲನ್ನು ಎತ್ತರಿಸುವುದು ಅಪಾಯಕ್ಕೆ ಆಹ್ವಾನವಿತ್ತಂತೆ. ನೆಲವನ್ನೇ ಅಗೆದು ಸಮತಟ್ಟು ಮಾಡಬೇಕು, ಇಲ್ಲವೇ ಉದ್ದ ಹೊಂದಿಸಬಲ್ಲ ಕಾಲಿನ ಏಣಿಯನ್ನು ತರಿಸಬೇಕು.

ತುದಿ, ಬ್ರಾಕೆಟ್ ಮತ್ತು ಹಲಗೆ

ಏಣಿಯ ತುದಿ ಗಟ್ಟಿ ಗೋಡೆಗೆ ಒರಗಿರಬೇಕು. ಕಿಟಕಿಯ ಗಾಜು, ಪಿವಿಸಿ ಕೊಳವೆ, ತಗಡಿನ ಮಾಡಿನ ಅಂಚು, ಕಿಟಕಿಯ ಹೊರಚಾಚಿದ ಗ್ರಿಲ್ ಇವುಗಳಿಗೆ ಒರಗಿಸುವುದಾಗಲಿ ಕಟ್ಟುವುದಾಗಲಿ ತಪ್ಪು. ಥಾಣೆ ಖಾಡಿಯ ದಡದ ಉಪ್ಪುಗಾಳಿಯಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬಣ್ಣದ ಪದರದ ಕೆಳಗೆ ಗ್ರಿಲ್‌ನ ಬೆಸುಗೆ ತಿಂದುಹೋಗಿರುವುದು ಹೊರನೋಟಕ್ಕೆ ತಿಳಿಯುವುದಿಲ್ಲ.

ಬ್ರಾಕೆಟ್ ಬಳಸುವುದಾದರೆ ಅದು ಏಣಿಯ ಮೆಟ್ಟಿಲುಗಳ ಮೇಲೂ ಎರಡು ಬದಿಯ ಕಾಲುಗಳ ಮೇಲೂ ಭಾರ ಹಂಚುವಂಥದ್ದಾಗಿರಬೇಕು. ಮೆಟ್ಟಿಲಿನ ಮೇಲೆ ಮಾತ್ರ ಕೂರುವ ಬ್ರಾಕೆಟ್ ಆಗಿದ್ದಲ್ಲಿ ಅದು ಪ್ರತಿ ಮೆಟ್ಟಿಲಿನ ಕನಿಷ್ಠ 10 ಅಂಗುಲದಷ್ಟು ಉದ್ದಕ್ಕೆ ಕೂರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಮೆಟ್ಟಿಲಿನ ನಡುಭಾಗದಲ್ಲಿ ಒಂದೇ ಕೊಕ್ಕೆಯಿಂದ ನೇತುಹಾಕಿದ ಬ್ರಾಕೆಟ್ ಒಂದು ಮೆಟ್ಟಿಲಿನ ಮೇಲೆಯೇ ಹಲಗೆ, ಮನುಷ್ಯ, ಬಣ್ಣದ ಡಬ್ಬಿ ಇವೆಲ್ಲದರ ಭಾರವನ್ನೂ ಹೇರುತ್ತದೆ. ಏಣಿಯ ಮೆಟ್ಟಿಲನ್ನು ಒಂದು ಪಾದದ ಭಾರಕ್ಕಾಗಿ ಮಾಡಿರುತ್ತಾರೆಯೇ ಹೊರತು ದಿನವಿಡೀ ಇಂಥ ಹೊರೆ ಹೊರಲು ಅಲ್ಲ. 20 ಲೀಟರಿನ ಬಣ್ಣದ ಡಬ್ಬಿಯೊಂದೇ 25 ಕಿಲೋಗೂ ಮಿಗಿಲಾಗಿ ತೂಗುತ್ತದೆ ಎಂಬುದನ್ನು ಮರೆಯಬಾರದು. ಹಲಗೆಯ ಮೇಲೆ ಸಣ್ಣ ಬಕೆಟ್ ಇರಲಿ. ದೊಡ್ಡ ಡಬ್ಬಿ ನೆಲದ ಮೇಲಿರಲಿ.

ಹಲಗೆಯ ವಿಷಯದಲ್ಲಿ ನೋಡಬೇಕಾದವು ಮೂರು. ಒಂದು, ಮರದ ಗುಣ. ಗಂಟು, ಸೀಳು, ಗೆದ್ದಲಿನ ಗುರುತು ಇರುವ ಹಲಗೆ ಬೇಡ. ಸೆಂಟ್ರಿಂಗ್ ಕೆಲಸದಲ್ಲಿ ಮೊಳೆ ಹೊಡೆದು ಕಿತ್ತು ಬಳಸಿ ಬಿಸಾಡಿದ ಹಲಗೆ ಅಂತೂ ಬೇಡವೇ ಬೇಡ. ಎರಡು, ಹಲಗೆಯ ತುದಿ. ಅದು ಆಧಾರದಿಂದ ಹೊರಗೆ ಸುಮಾರು 15ರಿಂದ 30 ಸೆಂಟಿಮೀಟರಿನಷ್ಟು ಚಾಚಿರಬೇಕು. ಕಡಮೆಯಾದರೆ ಹಲಗೆ ಬಾಗಿದಾಗ ತುದಿ ಜಾರಿ ಕಳಚಿಕೊಳ್ಳುತ್ತದೆ. ಹೆಚ್ಚಾದರೆ ಕೆಲಸಗಾರ ಗೋಡೆಯ ಮೂಲೆಗೆ ಕೈಚಾಚಲು ಆ ತುದಿಯನ್ನು ಮೆಟ್ಟಿದೊಡನೆ ಹಲಗೆಯು ಏತದಂತೆ ಇನ್ನೊಂದು ಕಡೆ ಮೇಲೆದ್ದು ಅವನನ್ನು ಕೆಡವುತ್ತದೆ. ಮೂರು, ಕಟ್ಟು. ಹಲಗೆಯ ಎರಡೂ ತುದಿಗಳನ್ನು ಬ್ರಾಕೆಟ್ಟಿಗೆ ಬಿಗಿದಿರಬೇಕು. ಒಬ್ಬನೇ ನಿಂತು ಕೆಲಸ ಮಾಡುವುದು ಉತ್ತಮ; ಯಾವ ಕಾರಣಕ್ಕೂ ಇಬ್ಬರಿಗಿಂತ ಹೆಚ್ಚು ಜನ ಒಂದು ಹಲಗೆಯ ಮೇಲಿರಕೂಡದು. ಕೈಗೆಟುಕದ ಜಾಗಕ್ಕೆ ಬಾಗುವ ಬದಲು ಕೆಳಗಿಳಿದು ಏಣಿಗಳನ್ನು ಸರಿಸಬೇಕು. ಇದಕ್ಕೆ ತಗಲುವ ಹತ್ತು ನಿಮಿಷಕ್ಕೆ ಗುತ್ತಿಗೆದಾರ ಗೊಣಗಿದರೆ ನಾವು ಕೆಲಸಗಾರನ ಪರವಾಗಿ ನಿಲ್ಲಬೇಕು.

ಬೆಲ್ಟ್ ಇದೆ, ಆದರೆ ಎಲ್ಲಿಗೆ ಕಟ್ಟಿದೆ?

ಐದು ಮೀಟರ್ ಎತ್ತರದಿಂದ ಬಿದ್ದವನು ಒಂದೇ ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 35 ಕಿಲೋಮೀಟರ್. ಕೂಗಿ ಎಚ್ಚರಿಸಲು, ಕೈಚಾಚಿ ಹಿಡಿಯಲು ಸಮಯವಿರುವುದಿಲ್ಲ. ಆದ್ದರಿಂದ ರಕ್ಷಣೆ ಮೊದಲೇ ಕಟ್ಟಿರಬೇಕು. ಅಮೆರಿಕದ ನಿಯಮದಲ್ಲಿ 10 ಅಡಿಗಿಂತ ಎತ್ತರದ ಲ್ಯಾಡರ್ ಜ್ಯಾಕ್ ಮೇಲಿರುವ ಪ್ರತಿಯೊಬ್ಬನೂ ಬೀಳುವುದನ್ನು ತಡೆಯುವ ಹಾರ್ನೆಸ್ ಧರಿಸಿರಬೇಕು.

ನಮ್ಮಲ್ಲಿ ಈಗ ಬಹಳಷ್ಟು ಕಡೆ ಕೆಲಸಗಾರರು ಹಾರ್ನೆಸ್ ತೊಟ್ಟಿರುವುದು ಕಾಣುತ್ತದೆ. ಆದರೆ ಅದರ ಕೊಕ್ಕೆ ಬೆನ್ನ ಹಿಂದೆ ಸುಮ್ಮನೆ ನೇತಾಡುತ್ತಿರುವುದೂ ಅಷ್ಟೇ ಸಾಮಾನ್ಯ. ಕೊಕ್ಕೆಯನ್ನು ಏಣಿಗೇ ಸಿಕ್ಕಿಸಿದ್ದರೆ ಏಣಿಯೊಂದಿಗೆ ಮನುಷ್ಯನೂ ಬೀಳುತ್ತಾನೆ. ಪಾದದ ಬಳಿ ಕಟ್ಟಿದ್ದರೂ ಕಡಮೆ ಎತ್ತರದ ಕೆಲಸದಲ್ಲಿ ಅದು ನಿರುಪಯೋಗಿ. ಲೆಕ್ಕ ಹಾಕಿ ನೋಡಿ: ಕೊಕ್ಕೆಯ ಹಗ್ಗ 2 ಮೀಟರ್, ಆಘಾತ ತಗ್ಗಿಸಲು ಬಿಚ್ಚಿಕೊಳ್ಳುವ ಪಟ್ಟಿ 1 ಮೀಟರಿಗೂ ಹೆಚ್ಚು, ಬೆನ್ನಿನ ಕೊಂಡಿಯಿಂದ ಪಾದದವರೆಗೆ ಒಂದೂವರೆ ಮೀಟರ್, ಮೇಲೆ 1 ಮೀಟರ್ ಉಳಿಕೆ. ಒಟ್ಟಿನಲ್ಲಿ ಕಟ್ಟಿದ ಸ್ಥಳದಿಂದ ಕೆಳಗೆ ಸುಮಾರು 6 ಮೀಟರ್ ಖಾಲಿ ಜಾಗ ಬೇಕು. ಹಲಗೆಯೇ 4 ಮೀಟರ್ ಎತ್ತರದಲ್ಲಿದ್ದರೆ ಹಗ್ಗವು ಅವನನ್ನು ಪೂರ್ತಿ ತಡೆದು ನಿಲ್ಲಿಸುವ ಮೊದಲೇ ಅವನು ನೆಲಕ್ಕೆ ಅಪ್ಪಳಿಸಿರುತ್ತಾನೆ. ಆದುದರಿಂದ ಹಗ್ಗ ಯಾವಾಗಲೂ ತಲೆಗಿಂತ ಮೇಲೆ ಕಟ್ಟಿರಬೇಕು. ತಾರಸಿಯ ಕಾಂಕ್ರೀಟ್ ಕಂಬ ಅಥವಾ ತೊಲೆಗೆ ಸುತ್ತಿ ಇಳಿಬಿಟ್ಟ ಪ್ರತ್ಯೇಕ ಹಗ್ಗ, ಅದರಲ್ಲಿ ಜಾರಿದೊಡನೆ ಕಚ್ಚಿಕೊಳ್ಳುವ ಕ್ಲಿಪ್ಪು ಇದ್ದರೆ ಬೀಳುವ ದೂರ ಬಹಳ ಕಡಮೆಯಾಗುತ್ತದೆ.

ಹಾರ್ನೆಸ್ ಇಡೀ ದೇಹಕ್ಕೆ ತೊಡುವಂಥದ್ದಾಗಿರಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬೆಲ್ಟ್ ಬೀಳುವವನನ್ನು ನಡುವಿನಲ್ಲಿ ಮಡಚಿ ಬೆನ್ನುಹುರಿಗೂ ಹೊಟ್ಟೆಗೂ ಪೆಟ್ಟು ಮಾಡುತ್ತದೆ. ಭಾರತೀಯ ಮಾನಕ ಐಎಸ್ 3521ರ ಗುರುತು ಅದರ ಮೇಲಿದೆಯೇ ನೋಡಬಹುದು. ಶಿರಸ್ತ್ರಾಣಕ್ಕೆ ಐಎಸ್ 2925. ಹಾರ್ನೆಸ್‌ನಲ್ಲಿ ನೇತಾಡುತ್ತ ಉಳಿದವನನ್ನು ಕೆಲವೇ ನಿಮಿಷಗಳಲ್ಲಿ ಇಳಿಸಬೇಕು. ಅಲುಗದೆ ತೂಗಾಡಿದರೆ ಕಾಲುಗಳಲ್ಲಿ ರಕ್ತ ನಿಂತು ಪ್ರಾಣಾಪಾಯವಾಗಬಹುದು. ಹೇಗೆ ಇಳಿಸುವಿರಿ ಎಂದು ಗುತ್ತಿಗೆದಾರನನ್ನು ಮೊದಲೇ ಕೇಳಿ ಇಟ್ಟುಕೊಳ್ಳುವುದು ಒಳಿತು.

ವಿದ್ಯುತ್ ತಂತಿ

ಅಲ್ಯೂಮಿನಿಯಂ ಏಣಿ ಹಗುರ, ಆದರೆ ವಿದ್ಯುತ್ತಿಗೆ ಅದು ತಂತಿಯಷ್ಟೇ ಸುಲಭದ ದಾರಿ. ಒದ್ದೆ ಬಿದಿರೂ ಸುರಕ್ಷಿತವಲ್ಲ. ಇಕ್ಕಟ್ಟಿನ ಗಲ್ಲಿಗಳಲ್ಲಿ ತಂತಿಗಳು ಕಿಟಕಿಯ ಮಟ್ಟದಲ್ಲಿ ಹಾದುಹೋಗುವುದುಂಟು. ಏಣಿ ಎತ್ತಿ ನಿಲ್ಲಿಸುವಾಗ ಅದರ ತುದಿ ಎಲ್ಲಿ ತೂಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದು ತಂತಿಯಿಂದ ಕನಿಷ್ಠ 3 ಮೀಟರ್ ಅಂತರವಿರಿಸಬೇಕು. ಅಷ್ಟು ಅಂತರ ಸಿಗದಲ್ಲಿ ವಿದ್ಯುತ್ ಕಡಿತಗೊಳಿಸಲು ವಿತರಣಾ ಕಂಪೆನಿಗೆ ಲಿಖಿತ ಮನವಿ ನೀಡಬೇಕು. ಕಳವಾ, ಮುಂಬ್ರಾ, ಶೀಳ ಭಾಗದ ವಿತರಣೆಯನ್ನು 2020ರ ಮಾರ್ಚ್‌ನಲ್ಲಿ ಟೊರೆಂಟ್ ಪವರ್ ವಹಿಸಿಕೊಂಡಿದೆ.

ಬಹುಮಹಡಿ ಕಟ್ಟಡದಲ್ಲಿ ಸಾರುವೆ ಮತ್ತು ಝೂಲಾ

ನಾಲ್ಕೈದು ಮಹಡಿಯ ಕಟ್ಟಡಕ್ಕೆ ಏಣಿ ಸಾಲದು. ಅಲ್ಲಿ ಬೇಕಾದುದು ಸಾರುವೆ. ಇಲ್ಲಿನ ಮರಾಠಿಯಲ್ಲಿ ಪರಾಂಚಿ. ಬಿದಿರಿನದಾಗಲಿ ಉಕ್ಕಿನ ಕೊಳವೆಯದಾಗಲಿ, ಸರಿಯಾಗಿ ಕಟ್ಟಿದ ಸಾರುವೆ ಏಣಿಗಿಂತ ಎಷ್ಟೋ ಪಾಲು ಸುರಕ್ಷಿತ. ನೆಲದಿಂದಲೇ ನೋಡಬಹುದಾದ ಗುರುತುಗಳು ಹೀಗಿವೆ: ನಿಲುವು ಗಳಗಳ ಬುಡ ಮೆದು ಮಣ್ಣಿನಲ್ಲಿ ಅಥವಾ ಗಟಾರದ ಮುಚ್ಚಳದ ಮೇಲೆ ನಿಂತಿರಬಾರದು. ಮಹಡಿ ಮಹಡಿಗೂ ಸಾರುವೆಯನ್ನು ಕಟ್ಟಡದ ಗಟ್ಟಿ ಭಾಗಕ್ಕೆ ಬಿಗಿದಿರಬೇಕು. ಹಾಗಿಲ್ಲದಿದ್ದರೆ ಅದು ಗೋಡೆಯಿಂದ ಹೊರಕ್ಕೆ ವಾಲುತ್ತದೆ. ಓರೆ ಗಳಗಳಿರಬೇಕು. ನಿಲ್ಲುವಲ್ಲಿ ಪೂರ್ಣ ಹಲಗೆ ಹಾಸಿರಬೇಕು; ಒಂಟಿ ಬಿದಿರಿನ ಮೇಲೆ ಪಾದ ಊರಿ ನಿಂತವನಿಗೆ ಎರಡೂ ಕೈ ಕೆಲಸಕ್ಕೆ ಸಿಗುವುದಿಲ್ಲ. ಸೊಂಟದ ಮಟ್ಟದಲ್ಲಿ ಅಡ್ಡಗಂಬಿಯಿರಬೇಕು. ಏರಿಳಿಯಲು ಪ್ರತ್ಯೇಕ ಏಣಿಯಿರಬೇಕು. ತೆಂಗಿನ ನಾರಿನ ಹಗ್ಗದಿಂದ ಕಟ್ಟಿದ್ದರೆ ಮಳೆ ಬಂದುಹೋದ ಬಳಿಕ ಪ್ರತಿ ಗಂಟನ್ನೂ ಮತ್ತೆ ಪರೀಕ್ಷಿಸಬೇಕು; ನೆನೆದು ಒಣಗಿದ ಗಂಟು ಸಡಿಲಗೊಳ್ಳುತ್ತದೆ. ಸಾರುವೆಗಳ ಸುರಕ್ಷತೆಗೆ ಐಎಸ್ 3696ರ ಮೊದಲ ಭಾಗ, ಏಣಿಗಳಿಗೆ ಅದರ ಎರಡನೆಯ ಭಾಗ ಇವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಏಳನೆಯ ಭಾಗವೂ ನಿರ್ಮಾಣಕಾಲದ ಸುರಕ್ಷತೆಯನ್ನೇ ಕುರಿತದ್ದು.

ಖರ್ಚು ಉಳಿಸಲೆಂದು ಈಗ ಅನೇಕರು ಸಾರುವೆಯ ಬದಲು ಝೂಲಾ ಬಳಸುತ್ತಾರೆ. ತಾರಸಿಯಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿದ ಮಣೆಯ ಮೇಲೆ ಕುಳಿತು ಮಾಡುವ ಕೆಲಸವಿದು. ಇದರಲ್ಲಿ ಹಗ್ಗ ಒಂದಲ್ಲ, ಎರಡಿರಬೇಕು: ಒಂದು ಕುಳಿತುಕೊಳ್ಳಲು, ಇನ್ನೊಂದು ಪ್ರಾಣ ಉಳಿಸಲು. ಎರಡನ್ನೂ ಬೇರೆಬೇರೆ ಆಧಾರಗಳಿಗೆ ಕಟ್ಟಿರಬೇಕು. ನೀರಿನ ಟ್ಯಾಂಕಿನ ಕೊಳವೆ, ಡಿಶ್ ಆಂಟೆನಾದ ಕಾಲು, ಹಳೆಯ ಪ್ಯಾರಾಪೆಟ್ ಗೋಡೆ ಇವು ಆಧಾರಗಳಲ್ಲ. ಪ್ಯಾರಾಪೆಟ್ಟಿನ ಅಂಚಿನಲ್ಲಿ ಹಗ್ಗ ತಿಕ್ಕಿ ಸವೆಯದಂತೆ ದಪ್ಪ ಗೋಣಿ ಅಥವಾ ರಬ್ಬರ್ ಹಾಸಿರಬೇಕು. ತಾರಸಿಯಲ್ಲಿ ಒಬ್ಬ ಕಾವಲಿರಬೇಕು. ಗೊತ್ತಿಲ್ಲದೆ ಹಗ್ಗ ಬಿಚ್ಚುವ, ಬಟ್ಟೆ ಒಣಹಾಕಲು ಬಂದು ಕಾಲಿನಿಂದ ಸರಿಸುವ ಪ್ರಸಂಗಗಳನ್ನು ತಪ್ಪಿಸುವುದಕ್ಕೆ ಇದು ಅವಶ್ಯ. ಸೊಸೈಟಿಯ ಎಲ್ಲ ಮನೆಗಳಿಗೂ ಆ ದಿನಗಳ ಸೂಚನೆ ಹೋಗಿರಬೇಕು.

ಕಿಟಕಿಯ ಮೇಲಿನ ಛಜ್ಜಾದ ಬಗ್ಗೆ ಒಂದು ಮಾತು. ಏಸಿ ಯಂತ್ರ ಕೂರಿಸುವವರೂ ಕೊಳವೆ ದುರಸ್ತಿಯವರೂ ಅದರ ಮೇಲೆ ನಿಲ್ಲುವುದು ಇಲ್ಲಿ ವಾಡಿಕೆಯಾಗಿಬಿಟ್ಟಿದೆ. ಛಜ್ಜಾ ಇರುವುದು ಮಳೆ–ಬಿಸಿಲು ತಡೆಯಲು. ಅದರೊಳಗಿನ ತೆಳ್ಳನೆಯ ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಕಾಂಕ್ರೀಟು ಬಿರಿಯುತ್ತದೆ, ಬುಡದಲ್ಲಿಯೇ ಮುರಿಯುತ್ತದೆ. ಹಳೆಯ ಕಟ್ಟಡದ ಛಜ್ಜಾದ ಮೇಲೆ ಯಾರನ್ನೂ ಇಳಿಸಬಾರದು.

ಸಾರುವೆಯ ಸುತ್ತ ಹೊದಿಸುವ ಹಸಿರು ಬಲೆಗೂ ಗಮನ ಬೇಕು. 2025ರ ನವೆಂಬರ್ 26ರಂದು ಹಾಂಗ್‌ಕಾಂಗ್‌ನ ತಾಯ್ ಪೋ ಎಂಬಲ್ಲಿ ದುರಸ್ತಿಗಾಗಿ ಬಿದಿರಿನ ಸಾರುವೆ ಮತ್ತು ಬಲೆ ಹೊದಿಸಿದ್ದ ವಸತಿ ಸಂಕೀರ್ಣದ ಎಂಟು ಗೋಪುರಗಳ ಪೈಕಿ ಏಳಕ್ಕೆ ಬೆಂಕಿ ವ್ಯಾಪಿಸಿ 150ಕ್ಕೂ ಹೆಚ್ಚು ಜನ ಮೃತಪಟ್ಟರು. ಬಲೆಯ ಕೆಲವು ಮಾದರಿಗಳು ಅಗ್ನಿನಿರೋಧಕ ಗುಣಮಟ್ಟದವಾಗಿರಲಿಲ್ಲವೆಂದೂ ಕಿಟಕಿಗಳಿಗೆ ಹಚ್ಚಿದ್ದ ಫೋಮ್ ಹಾಳೆಗಳು ಬೆಂಕಿ ಹರಡಲು ಕಾರಣವಾದವೆಂದೂ ಅಲ್ಲಿನ ಅಧಿಕಾರಿಗಳು ತಿಳಿಸಿದರು. ನಮ್ಮಲ್ಲಿ ಕೆಲಸ ನಡೆಯುವ ಕಾಲ ದೀಪಾವಳಿಯ ಪಟಾಕಿಯ ಕಾಲವೂ ಹೌದು. ಬಲೆ ಹೊದಿಸಿದ ಕಟ್ಟಡದ ಆವರಣದಲ್ಲಿ ಆ ವರ್ಷ ಪಟಾಕಿ ಬೇಡ ಎಂದು ಸೊಸೈಟಿ ನಿರ್ಧರಿಸುವುದು ಲೇಸು.

ಕಾನೂನು ಮತ್ತು ಅದರ ಕೈಗೆಟುಕದ ಕೆಲಸಗಳು

ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಸುರಕ್ಷತೆ ಹಾಗೂ ಕಲ್ಯಾಣಕ್ಕಾಗಿ ಸಂಸತ್ತು 1996ರಲ್ಲಿ ಕಾಯ್ದೆಯೊಂದನ್ನು ರೂಪಿಸಿತು. 2020ರಲ್ಲಿ ಅಂಗೀಕಾರವಾದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯಲ್ಲಿ ಈ ವಿಷಯಗಳನ್ನು ಸೇರಿಸಲಾಯಿತು. 1996ರ ಕಾಯ್ದೆ ಅನ್ವಯಿಸುತ್ತಿದ್ದುದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಸ್ವಂತ ವಾಸದ ಸಣ್ಣ ಮನೆಗಳ ಕೆಲಸವನ್ನು ಅದು ಹೊರಗಿಟ್ಟಿತ್ತು. ನಾಕಾದಿಂದ ಮೂರು–ನಾಲ್ಕು ಜನರನ್ನು ಕರೆತಂದು ನಡೆಸುವ ಬಣ್ಣದ ಕೆಲಸದ ಬಳಿಗೆ ಯಾವ ನಿರೀಕ್ಷಕನೂ ಬರುವ ಸಂಭವ ಕಡಮೆ. ದೊಡ್ಡ ನಿರ್ಮಾಣಸ್ಥಳಗಳೇ ಅಪಾಯಮುಕ್ತವಲ್ಲ. 2023ರ ಸೆಪ್ಟೆಂಬರ್ 10ರಂದು ಥಾಣೆಯ ಬಾಳಕುಮ್‌ನಲ್ಲಿ 40 ಮಹಡಿಯ ಕಟ್ಟಡದ ತಾರಸಿಯ ಜಲನಿರೋಧಕ ಕೆಲಸ ಮುಗಿಸಿ ಇಳಿಯುತ್ತಿದ್ದ ಕಾರ್ಮಿಕರ ಲಿಫ್ಟ್ ಕುಸಿದು ಏಳು ಮಂದಿ ಅಸುನೀಗಿದರು. ಅಲ್ಲಿ ನಡೆದದ್ದು ಪತ್ರಿಕೆಗಳಲ್ಲಿ ಬಂತು. ಮನೆಯೊಂದರ ಗೋಡೆಯಿಂದ ಒಬ್ಬ ಬಿದ್ದರೆ ಅದು ಸುದ್ದಿಯೂ ಆಗುವುದಿಲ್ಲ. ಸಣ್ಣ ಕೆಲಸದಲ್ಲಿ ಇರುವ ಏಕೈಕ ನಿರೀಕ್ಷಕ ಎಂದರೆ ಕೆಲಸ ಕೊಟ್ಟ ಮನೆಯವನು.

ಮಹಾಸಭೆಯಲ್ಲಿ ಏನು ಕೇಳಬೇಕು?

ಮಹಾರಾಷ್ಟ್ರದ ಗೃಹನಿರ್ಮಾಣ ಸಹಕಾರಿ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ವರ್ಷ ಮೀರಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ದುರಸ್ತಿ ನಿಧಿಗೆ ನಿರ್ಮಾಣವೆಚ್ಚದ ವಾರ್ಷಿಕ ಕನಿಷ್ಠ ಶೇ. 0.75, ಸಿಂಕಿಂಗ್ ಫಂಡಿಗೆ ಶೇ. 0.25 ಸಂಗ್ರಹಿಸಬೇಕೆಂದೂ ಅವು ಹೇಳುತ್ತವೆ. ವರ್ಷವರ್ಷವೂ ಈ ನಿಧಿ ಕೂಡಿಟ್ಟ ಸೊಸೈಟಿಗೆ ಅತಿ ಕಡಮೆ ದರದ ಹಿಂದೆ ಓಡುವ ಒತ್ತಡವಿರುವುದಿಲ್ಲ. ಆಡಿಟ್ ವರದಿ ಕೈಯಲ್ಲಿದ್ದರೆ ಯಾವ ಛಜ್ಜಾ, ಯಾವ ಪ್ಯಾರಾಪೆಟ್ ಭಾರ ತಾಳಲಾರದು ಎಂಬುದು ಕೆಲಸಗಾರ ಮೇಲೇರುವ ಮೊದಲೇ ತಿಳಿಯುತ್ತದೆ.

ದರಪಟ್ಟಿ ಕೇಳುವಾಗ ಸಾರುವೆ, ಹಲಗೆ, ಬಲೆ, ಹಾರ್ನೆಸ್ ಇವುಗಳ ವೆಚ್ಚವನ್ನು ಬಣ್ಣದ ದರದೊಳಗೆ ಸೇರಿಸದೆ ಬೇರೆ ಸಾಲಿನಲ್ಲಿ ಬರೆಯಲು ತಿಳಿಸಬೇಕು. ಆಗ ಮೂವರು ಗುತ್ತಿಗೆದಾರರಲ್ಲಿ ಒಬ್ಬನ ದರ ಏಕೆ ಕಡಮೆಯೆಂಬುದು ಸ್ಪಷ್ಟವಾಗುತ್ತದೆ. ಬಹಳಷ್ಟು ಸಲ ಆ ಸಾಲೇ ಖಾಲಿಯಿರುತ್ತದೆ. ಕೆಲಸಗಾರರ ಅಪಘಾತ ಪರಿಹಾರದ ವಿಮಾ ಪಾಲಿಸಿಯ ಪ್ರತಿ ಪಡೆದು, ಅದರಲ್ಲಿ ನಮ್ಮ ಕೆಲಸದ ಅವಧಿ ಮತ್ತು ಕೆಲಸಗಾರರ ಸಂಖ್ಯೆ ಸರಿಯಾಗಿವೆಯೇ ನೋಡಬೇಕು. ಅಸುರಕ್ಷಿತವೆಂದು ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಸೊಸೈಟಿಗಿದೆ ಎಂಬ ಮಾತು ಕರಾರಿನಲ್ಲಿರಬೇಕು. ಹಬ್ಬದೊಳಗೆ ಮುಗಿಸಲೇಬೇಕೆಂಬ ಹಟವನ್ನು ನಾವೂ ಬಿಡಬೇಕು. ಕತ್ತಲಾದ ಮೇಲೆ, ಮಳೆ–ಗಾಳಿಯಲ್ಲಿ ಮೇಲೇರಿಸುವುದು ಹೆಚ್ಚಾಗಿ ಅಂಥ ಗಡುವೇ.

ಮೇಲಿರುವವನು ನಮ್ಮವನೂ ಆಗಿರಬಹುದು

ಮುಂಬಯಿ, ಥಾಣೆಯ ನಿರ್ಮಾಣ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಕಡೆಯಿಂದ ದೊಡ್ಡ ಸಂಖ್ಯೆಯಲ್ಲಿ ಜನ ಬರುತ್ತಾರೆ. ನಮ್ಮ ಗೋಡೆಯ ಮೇಲಿರುವವನು ಕನ್ನಡದವನೇ ಆಗಿದ್ದಲ್ಲಿ ಆಶ್ಚರ್ಯವಿಲ್ಲ. ಸೊಸೈಟಿಯ ಇಂಜಿನಿಯರ್ ಮರಾಠಿಯಲ್ಲಿ, ಮುಕಾದಮ ಹಿಂದಿಯಲ್ಲಿ ಹೇಳಿದ ಸೂಚನೆ ಅವನಿಗೆ ಅರ್ಧ ಮಾತ್ರ ತಿಳಿದಿರಬಹುದು. "ಅಣ್ಣಾ, ಹಗ್ಗ ಮೇಲೆ ಗಟ್ಟಿ ಕಟ್ಟೀರೇನು? ಊಟ ಆತೇನು?" ಎಂದು ಅವನ ಮಾತಿನಲ್ಲಿ ಕೇಳಿದರೆ ಮುಕಾದಮನ ಮುಂದೆ ಹೇಳಲಾಗದ ಕೊರತೆಯನ್ನು ಅವನು ನಮ್ಮೊಡನೆ ಹೇಳಿಯಾನು. ಬಿಸಿಲಿನಲ್ಲಿ ಕುಡಿಯುವ ನೀರು, ಮಧ್ಯಾಹ್ನದ ವಿಶ್ರಾಂತಿ ಇವೂ ಸುರಕ್ಷತೆಯ ಭಾಗವೇ. ತಲೆ ಸುತ್ತಿದವನಿಗೆ ಎಷ್ಟು ಗಟ್ಟಿ ಹಲಗೆಯೂ ಸಾಲದು.

ಎಲ್ಲ ಎಚ್ಚರಿಕೆಯ ನಂತರವೂ ಯಾರಾದರೂ ಬಿದ್ದರೆ ಎತ್ತಿ ಕೂರಿಸಬಾರದು, ನೀರು ಕುಡಿಸಬಾರದು. ಕುತ್ತಿಗೆ, ಬೆನ್ನು ಅಲುಗದಂತೆ ಮಲಗಿದಲ್ಲಿಯೇ ಬಿಟ್ಟು, ಉಸಿರಾಟ ಗಮನಿಸುತ್ತ 108ಕ್ಕೆ ಕರೆ ಮಾಡಬೇಕು. ಕಳವಾದಲ್ಲಿಯೇ ಥಾಣೆ ಮಹಾನಗರ ಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಿದೆ. ನೋಡಲು ಗಾಯವಿಲ್ಲದಿದ್ದರೂ ತಪಾಸಣೆಯಾಗದೆ ಮನೆಗೆ ಕಳುಹಿಸಕೂಡದು. ತಲೆಯೊಳಗಿನ, ಹೊಟ್ಟೆಯೊಳಗಿನ ರಕ್ತಸ್ರಾವ ಕೆಲವು ಗಂಟೆಗಳ ಬಳಿಕವೇ ತಿಳಿಯುವುದುಂಟು.

ಊರಿನ ಮನೆಗೆ ಸುಣ್ಣಬಣ್ಣ ಮಾಡಿಸುವಾಗಲೂ ಇವೇ ಮಾತುಗಳು ಸಲ್ಲುತ್ತವೆ. ಕಳವಾದಲ್ಲಿ ಕುಳಿತು ಫೋನಿನಲ್ಲಿಯೇ ಕುಂದಾಪುರದ, ಕಾರ್ಕಳದ, ವಿಜಯಪುರದ ಮನೆಯ ಕೆಲಸ ಒಪ್ಪಿಸುವ ಕುಟುಂಬಗಳು ನಮ್ಮಲ್ಲಿ ಬಹಳ. ಅಂಥ ಕೆಲಸದಲ್ಲಿ ಬಣ್ಣದ ಮಾದರಿಯ ಫೋಟೋ ತರಿಸಿಕೊಳ್ಳುವಂತೆ ಏಣಿಯ ಬುಡದ, ಹಲಗೆಯ ತುದಿಯ ಫೋಟೋವನ್ನೂ ತರಿಸಿಕೊಂಡು ನೋಡಬಹುದು. ಬುಡ ಕಟ್ಟಿರದಿದ್ದರೆ, ಹಲಗೆ ಬಿಗಿದಿರದಿದ್ದರೆ ಆ ದಿನದ ಕೆಲಸ ನಿಲ್ಲಿಸಿ, ಅದು ಸರಿಯಾದ ಮೇಲೆ ಮುಂದುವರಿಸಲು ಹೇಳುವುದು ಮನೆಯ ಯಜಮಾನನ ಕರ್ತವ್ಯ. ಬಣ್ಣ ಒಂದು ದಿನ ತಡವಾದರೆ ನಷ್ಟವೇನೂ ಇಲ್ಲ.